ಚೀಲದಿಂದ ಕಿಟಕಿಗೆ ಬಂದ ಪಹಣಿ

“ದೇವರು ಕೊಟ್ಟರೂ ಪೂಜಾರಿ ಕೊಡ” ಎಂಬ ಗಾದೆ ಹುಟ್ಟಿದ್ದು ಗುಡಿಯ ಬಾಗಿಲಿನಲ್ಲಿರಬಹುದು. ಆದರೆ ಅದು ಹೆಚ್ಚಾಗಿ ಕೇಳಿಬಂದುದು ಕಚೇರಿಯ ಜಗಲಿಯ ಮೇಲೆ. ಕಾನೂನು ರೈತನಿಗೆ ಭೂಮಿಯ ಹಕ್ಕನ್ನು ಕೊಟ್ಟಿತು. ಆ ಹಕ್ಕನ್ನು ಬರೆದಿಡುವುದಕ್ಕೆ ಪುಸ್ತಕವನ್ನೂ ಏರ್ಪಡಿಸಿತು. ಆದರೆ ಆ ಪುಸ್ತಕದ ಒಂದು ಹಾಳೆಯ ನಕಲು ಕೈಗೆ ಬರುವಷ್ಟರಲ್ಲಿ ರೈತನ ಚಪ್ಪಲಿ ಸವೆಯುತ್ತಿತ್ತು, ಸೊಂಟದ ಗಂಟು ಕರಗುತ್ತಿತ್ತು.

ಯಂತ್ರದ ಮೂಲಕ ನಡೆಯುವ ವ್ಯಾಪಾರವೆಂದೊಡನೆ ಪಟ್ಟಣದ ಗೃಹಸ್ಥರಿಗೆ ನೆನಪಾಗುವುದು ಮನೆಯಲ್ಲಿ ಕುಳಿತು ತರಿಸಿಕೊಳ್ಳುವ ಸೀರೆ, ಪುಸ್ತಕ, ದಿನಸಿ ಪದಾರ್ಥಗಳು. ಆ ಬಗೆಯ ವ್ಯಾಪಾರ ನಮ್ಮ ಮನೆಗಳ ಬಾಗಿಲಿಗೆ ಬರುವುದಕ್ಕೆ ಬಹಳ ಮೊದಲೇ ಕರ್ನಾಟಕ ಸರಕಾರ ತಾಲ್ಲೂಕು ಕಚೇರಿಗಳಲ್ಲಿ ಒಂದು ಬಗೆಯ ಅಂಗಡಿಯನ್ನು ತೆರೆಯಿತು. ಅಲ್ಲಿ ದೊರೆಯುತ್ತಿದ್ದ ಮುಖ್ಯ ಸರಕು ಒಂದೇ: ಪಹಣಿ. ಬೆಲೆ 15 ರೂಪಾಯಿ. ಆ ಅಂಗಡಿಯ ಹೆಸರು ‘ಭೂಮಿ’.

ಒಂದು ಹಾಳೆ ಕಾಗದಕ್ಕೆ ಇಷ್ಟೊಂದು ಪ್ರಾಮುಖ್ಯವೇಕೆ ಎಂದು ನಗರದಲ್ಲಿಯೇ ಹುಟ್ಟಿ ಬೆಳೆದವರು ಕೇಳಬಹುದು. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನೌಕರಿ ಮಾಡಿಕೊಂಡಿರುವ ಎಷ್ಟೋ ಕುಟುಂಬಗಳಿಗೆ ಊರಿನಲ್ಲಿ ಅಜ್ಜನ ಕಾಲದ ಎರಡೆಕರೆ ಹೊಲವೋ, ಹತ್ತು ಗುಂಟೆ ತೋಟವೋ ಇದ್ದೇ ಇರುತ್ತದೆ. ಆ ನೆಲ ತಮ್ಮದೆಂದು ತೋರಿಸಲು ಅವರು ಮೊದಲು ಹುಡುಕುವ ಕಾಗದ ಪಹಣಿಯೇ. ಅದರಲ್ಲಿರುವ ಕಲಮುಗಳು 16. ಸರ್ವೆ ನಂಬರು, ವಿಸ್ತೀರ್ಣ, ಕಂದಾಯ, ಮಣ್ಣಿನ ಬಗೆ ಇವುಗಳ ಜೊತೆಗೆ ಒಂಬತ್ತನೆಯ ಕಲಮಿನಲ್ಲಿ ಸ್ವಾಧೀನದಾರನ ಹೆಸರು, ಹನ್ನೊಂದನೆಯದರಲ್ಲಿ ಆ ಜಮೀನಿನ ಮೇಲಿನ ಸಾಲಸೋಲಗಳು ಮತ್ತು ಇತರರ ಹಕ್ಕುಗಳು, ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುವವನ ಮತ್ತು ಬೆಳೆಯ ವಿವರಗಳು ಇರುತ್ತವೆ. ಬ್ಯಾಂಕಿನಲ್ಲಿ ಬೆಳೆಸಾಲ ಪಡೆಯಲು ಪಹಣಿ ಬೇಕು, ಬರಗಾಲದ ಪರಿಹಾರಕ್ಕೆ ಬೇಕು, ಕ್ರಯಕ್ಕೆ ಬೇಕು, ನ್ಯಾಯಾಲಯದಲ್ಲಿ ಒಬ್ಬರಿಗಾಗಿ ಜಾಮೀನು ನಿಲ್ಲಲೂ ಬೇಕು. ಹೊಲದಲ್ಲಿ ನಿಂತಿರುವ ಬೆಳೆಯನ್ನು ಊರೆಲ್ಲ ಕಂಡರೂ, ಕಾಗದದಲ್ಲಿ ಹೆಸರಿಲ್ಲದವನು ಕಚೇರಿಯ ಕಣ್ಣಿಗೆ ರೈತನೇ ಅಲ್ಲ.

ಲೆಕ್ಕಿಗರ ಚೀಲ

ಮೈಸೂರು ಸೀಮೆಯಲ್ಲಿ ಶ್ಯಾನುಭೋಗ, ಮುಂಬಯಿ ಕರ್ನಾಟಕದಲ್ಲಿ ಕುಲಕರ್ಣಿ, ಬಳ್ಳಾರಿಯ ಕಡೆ ಕರಣಂ: ಹೆಸರು ಬೇರೆಯಾದರೂ ಕೆಲಸ ಒಂದೇ. ಹಳ್ಳಿಯ ಭೂಮಿಯ ಲೆಕ್ಕ ತಂದೆಯಿಂದ ಮಗನಿಗೆ ಬರುವ ವಂಶಪಾರಂಪರ್ಯದ ವೃತ್ತಿಯಾಗಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಆ ಪರಂಪರೆಯನ್ನು ಕೊನೆಗಾಣಿಸಿತು. ಸಂಬಳದ ನೌಕರರಾದ ಗ್ರಾಮಲೆಕ್ಕಿಗರು ಶ್ಯಾನುಭೋಗರ ಸ್ಥಾನಕ್ಕೆ ಬಂದರು. ಮನುಷ್ಯರು ಬದಲಾದರು, ಆದರೆ ಪುಸ್ತಕ ಮೊದಲಿನಂತೆಯೇ ಒಬ್ಬರ ಕೈಯಲ್ಲಿ ಉಳಿಯಿತು.

ರಾಜ್ಯದಲ್ಲಿ ಇಂತಹ ಗ್ರಾಮಲೆಕ್ಕಿಗರು ಸುಮಾರು 9,000 ಮಂದಿ ಇದ್ದರು. ಒಬ್ಬೊಬ್ಬರ ಪಾಲಿಗೆ ಮೂರು ನಾಲ್ಕು ಹಳ್ಳಿಗಳು. ಈ ಹಳ್ಳಿಯ ರೈತ ಹುಡುಕಿಕೊಂಡು ಹೋದರೆ ಲೆಕ್ಕಿಗರು ಆ ಹಳ್ಳಿಯಲ್ಲಿ. ಅಲ್ಲಿಗೆ ಹೋದರೆ ತಾಲ್ಲೂಕು ಕಚೇರಿಯ ಸಭೆಯಲ್ಲಿ. ದಫ್ತರಗಳು ಅವರ ಮನೆಯಲ್ಲಿಯೋ ಚೀಲದಲ್ಲಿಯೋ ಇರುತ್ತಿದ್ದುದರಿಂದ ಅವರಿಲ್ಲದೆ ಕಾಗದವಿಲ್ಲ. ಒಂದು ಪಹಣಿಗಾಗಿ 3ರಿಂದ 30 ದಿನಗಳವರೆಗೆ ಕಾಯಬೇಕಾಗುತ್ತಿತ್ತೆಂದು ಆ ಕಾಲದ ಸ್ಥಿತಿಯನ್ನು ಅಭ್ಯಸಿಸಿದವರು ಬರೆದಿದ್ದಾರೆ. ಕಾಯಲಾರದವನು ಕೈ ಬೆಚ್ಚಗೆ ಮಾಡಬೇಕಾಗಿತ್ತು.

ಲೆಕ್ಕಿಗರೆಲ್ಲರೂ ಕೆಟ್ಟವರಾಗಿದ್ದರೆಂದು ಇದರ ಅರ್ಥವಲ್ಲ. ಮಳೆ, ಬಿಸಿಲೆನ್ನದೆ ಹೊಲಗಳನ್ನು ಸುತ್ತಿ, ಯಾರ ಬದು ಎಲ್ಲಿದೆಯೆಂಬುದನ್ನು ಬಾಯಿಪಾಠವಾಗಿ ಹೇಳಬಲ್ಲ ಪ್ರಾಮಾಣಿಕರೂ ಅವರಲ್ಲಿದ್ದರು. ದೋಷ ಮನುಷ್ಯನಿಗಿಂತ ಹೆಚ್ಚಾಗಿ ಏರ್ಪಾಡಿನಲ್ಲಿತ್ತು. ಒಬ್ಬನೇ ಬರೆಯುವವನು, ಒಬ್ಬನೇ ಕಾಯುವವನು, ಒಬ್ಬನೇ ಕೊಡುವವನು ಆದಾಗ, ತಿದ್ದಿದ್ದು ಯಾರಿಗೂ ತಿಳಿಯದು. ಗೋಮಾಳವೋ ಸರಕಾರದ ಖರಾಬು ಭೂಮಿಯೋ ಸದ್ದಿಲ್ಲದೆ ಊರಿನ ಬಲವಂತನ ಹೆಸರಿಗೆ ಸರಿದುಹೋದರೆ, ಅದು ಹೊರಬೀಳುವಷ್ಟರಲ್ಲಿ ಒಂದು ತಲೆಮಾರು ಕಳೆದಿರುತ್ತಿತ್ತು.

ಕಲಬುರಗಿಯ ಪಾಠ

ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಮೊದಲ ಪ್ರಯತ್ನ ಕರ್ನಾಟಕದಲ್ಲಿ ನಡೆದುದು 1991ರಲ್ಲಿ, ಆಗಿನ ಗುಲ್ಬರ್ಗಾ ಜಿಲ್ಲೆಯಲ್ಲಿ. ಕೇಂದ್ರ ಸರಕಾರವೇ ಹಣ ಒದಗಿಸಿತ್ತು. ಮುಂದೆ ಯೋಜನೆ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಆದರೆ ನಿರೀಕ್ಷಿಸಿದ ಫಲ ಕೈಗೂಡಲಿಲ್ಲ. ಕಾರಣ ಸರಳವಾದುದು. ಯಂತ್ರವಿದ್ದುದು ಜಿಲ್ಲಾ ಕೇಂದ್ರದಲ್ಲಿ. ಜಮೀನು ಕೈಬದಲಾಗುತ್ತಿದ್ದುದು, ಆ ಬದಲಾವಣೆ ದಾಖಲಾಗುತ್ತಿದ್ದುದು ತಾಲ್ಲೂಕಿನಲ್ಲಿ. ಇಂದು ಯಂತ್ರಕ್ಕೆ ಏರಿಸಿದ ಪಹಣಿ ನಾಳೆ ಹಳತಾಗುತ್ತಿತ್ತು. ಹರಿಯುವ ನೀರನ್ನು ಕೊಡದಲ್ಲಿ ತುಂಬಿಟ್ಟು ಇದೇ ಹೊಳೆಯೆಂದು ಹೇಳಿದಂತಾಯಿತು.

ಈ ಸೋಲಿನಿಂದ ಕಲಿತ ಪಾಠದ ಮೇಲೆ ‘ಭೂಮಿ’ ನಿಂತಿತು. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲ ಅದು. ಕಂದಾಯ ಇಲಾಖೆಯಲ್ಲಿದ್ದ ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರು ಯೋಜನೆಯ ಹೊಣೆ ಹೊತ್ತರು. ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಜ್ಞರು ಅದಕ್ಕೆ ಬೇಕಾದ ತಂತ್ರಾಂಶವನ್ನು ರಚಿಸಿದರು. ಯಂತ್ರ ಜಿಲ್ಲೆಯಲ್ಲಲ್ಲ, ತಾಲ್ಲೂಕಿನಲ್ಲಿರಬೇಕು. ನಕಲು ಕೊಡುವುದಷ್ಟೇ ಅಲ್ಲ, ಬದಲಾವಣೆಯೂ ಅದರಲ್ಲಿಯೇ ಆಗಬೇಕು ಎಂಬುದು ಮೊದಲ ನಿಯಮವಾಯಿತು.

ಕೆಲಸವೇನೂ ಸಣ್ಣದಾಗಿರಲಿಲ್ಲ. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು. ಹುಳು ತಿಂದ ಪುಸ್ತಕಗಳು, ಮಾಸಿದ ಶಾಯಿ, ಒಬ್ಬೊಬ್ಬರದು ಒಂದೊಂದು ಬಗೆಯ ಕೈಬರಹ. ಒಂದೆಕರೆಗೆ 40 ಗುಂಟೆ. ಗುಂಟೆಯ ಕೆಳಗೆ ಆಣೆ. ಒಂದು ಅಂಕಿ ಹೆಚ್ಚುಕಡಿಮೆಯಾದರೆ ಅಣ್ಣತಮ್ಮಂದಿರ ನಡುವೆ ಕೊಡಲಿ ಏಳುವ ವಿಷಯ. ಆದುದರಿಂದ ಖಾಸಗಿ ಸಂಸ್ಥೆಗಳವರು ಬೆರಳಚ್ಚು ಮಾಡಿದ ವಿವರಗಳನ್ನು ಮುದ್ರಿಸಿ, ಮೂಲದೊಡನೆ ಹೋಲಿಸಿ ತಿದ್ದುವ ಭಾರ ಗ್ರಾಮಲೆಕ್ಕಿಗರ ಮೇಲೆಯೇ ಬಿದ್ದಿತು. ಚೀಲವನ್ನು ಬಿಟ್ಟುಕೊಡಬೇಕಾದವರೇ ಅದರೊಳಗಿನ ಲೆಕ್ಕ ಸರಿಯಾಗಿದೆಯೆಂದು ಸಾಕ್ಷಿ ಹೇಳಬೇಕಾಯಿತು. 2002ರ ವೇಳೆಗೆ ಆಗಿದ್ದ 177 ತಾಲ್ಲೂಕುಗಳಲ್ಲಿ ಕಿಟಕಿಗಳು ತೆರೆದವು.

ಅಂಗಡಿಯ ಧರ್ಮ

ಒಳ್ಳೆಯ ಅಂಗಡಿಯ ಲಕ್ಷಣಗಳು ಯಾವುವು? ಬೆಲೆ ಎಲ್ಲರಿಗೂ ಒಂದೇ ಇರಬೇಕು. ತಕ್ಕಡಿ ಗಿರಾಕಿಯ ಕಣ್ಣೆದುರಿಗಿರಬೇಕು. ಮೊದಲು ಬಂದವನಿಗೆ ಮೊದಲು ಸರಕು ದೊರೆಯಬೇಕು. ಕೊಂಡದ್ದಕ್ಕೆ ರಸೀದಿ ಬೇಕು. ಯಂತ್ರದ ಬೆರಗನ್ನು ಬದಿಗಿಟ್ಟು ನೋಡಿದರೆ, ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗೆ ತಂದುದು ಅಂಗಡಿಯ ಈ ಸಾಮಾನ್ಯ ಧರ್ಮವನ್ನೇ.

ರೈತ ಕಿಟಕಿಯ ಬಳಿ ಬಂದು ಸರ್ವೆ ನಂಬರನ್ನೋ ಹೆಸರನ್ನೋ ಹೇಳುತ್ತಾನೆ. ಒಳಗೆ ಕುಳಿತ ನೌಕರನ ಮುಂದೆ ಒಂದು ಪರದೆ. ಹೊರಗೆ ನಿಂತ ರೈತನ ಕಡೆಗೆ ಮುಖಮಾಡಿ ಇನ್ನೊಂದು ಪರದೆ. ಒಳಗೆ ಕಾಣುವುದೇ ಹೊರಗೂ ಕಾಣುತ್ತದೆ. ಗೊತ್ತುಪಡಿಸಿದ ಶುಲ್ಕ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಅಚ್ಚಾದ ಪಹಣಿ ಕೈಗೆ ಬರುತ್ತದೆ. ಯಾವ ಕಾರಣಕ್ಕೆಂದು ಕೇಳುವವರಿಲ್ಲ. ಯಾರ ಕಡೆಯವನೆಂದು ವಿಚಾರಿಸುವವರಿಲ್ಲ. ತನ್ನದಲ್ಲದೆ ನೆರೆಯವನ ಜಮೀನಿನ ಪಹಣಿಯನ್ನು ಬೇಕಾದರೂ ಪಡೆಯಬಹುದು. ಗುಟ್ಟಿನಲ್ಲಿ ನಡೆಯುತ್ತಿದ್ದ ತಿದ್ದುಪಡಿಗೆ ಇದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ.

ಒಳಗಿನ ನೌಕರನಿಗೂ ಕಟ್ಟುಪಾಡಿತ್ತು. ಗುಪ್ತಪದವನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡಬಹುದು, ಬೆರಳನ್ನು ಕೊಡಲಾಗುವುದಿಲ್ಲ. ಆದುದರಿಂದ ಬೆರಳಿನ ಗುರುತು ಒಪ್ಪಿಸಿದ ಹೊರತು ದಾಖಲೆ ತೆರೆಯದಂತೆ ಏರ್ಪಡಿಸಲಾಯಿತು. ಯಾರು, ಯಾವ ದಿನ, ಏನನ್ನು ತಿದ್ದಿದರೆಂಬುದು ಅಲ್ಲಿ ಉಳಿಯುತ್ತದೆ. “ನಾನಲ್ಲ” ಎನ್ನುವ ಮಾತಿಗೆ ಎಡೆಯಿಲ್ಲ.

ಆದರೆ ಇವೆಲ್ಲಕ್ಕಿಂತ ದೊಡ್ಡ ಹೆಜ್ಜೆ ಯಂತ್ರದ್ದಲ್ಲ, ಒಂದು ಆಜ್ಞೆಯದು. ಯಾವ ತಾಲ್ಲೂಕಿನಲ್ಲಿ ಕಿಟಕಿ ತೆರೆಯಿತೋ ಅಲ್ಲಿ ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲವೆಂದು ಸರಕಾರ ಸಾರಿತು. ಹಳೆಯ ದಾರಿಯನ್ನು ಮುಚ್ಚದಿದ್ದರೆ ಹೊಸ ದಾರಿಯಲ್ಲಿ ಹುಲ್ಲು ಬೆಳೆಯುತ್ತಿತ್ತು. ಇಂದು ಯಂತ್ರಗಳನ್ನು ಕೊಂಡು ಮೂಲೆಯಲ್ಲಿರಿಸಿರುವ ಕಚೇರಿಗಳು ಈ ಒಂದು ಸಂಗತಿಯನ್ನು ಗಮನಿಸಿದರೂ ಸಾಕು.

ಜಮೀನು ಕೈಬದಲಾದಾಗ ಮಾಡಿಸಬೇಕಾದ ಖಾತೆ ಬದಲಾವಣೆಯಲ್ಲಿಯೂ ಸಾಲಿನ ನಿಯಮ ಬಂದಿತು. ಅರ್ಜಿ ಕೊಟ್ಟವನಿಗೆ ಅಂಕಿಯುಳ್ಳ ರಸೀದಿ ದೊರೆಯುತ್ತದೆ. ಮೊದಲು ಬಂದ ಅರ್ಜಿಯನ್ನು ಮುಗಿಸದೆ ನಂತರದ್ದನ್ನು ಕೈಗೆತ್ತಿಕೊಳ್ಳಲು ಯಂತ್ರ ಬಿಡುವುದಿಲ್ಲ. ನೋಟೀಸು ಹೊರಡಿಸಿ 30 ದಿನ ತಕರಾರಿಗೆ ಕಾಯಬೇಕೆಂಬ ಕಾನೂನು ಆಗ ಹಾಗೆಯೇ ಉಳಿಯಿತು. ಆದರೆ ಆ ಮೂವತ್ತು ದಿನ ಯಾವಾಗ ಮೊದಲಾಯಿತು, ಯಾವಾಗ ಮುಗಿಯಿತು ಎಂಬುದನ್ನು ರೈತನೂ ಎಣಿಸಬಲ್ಲವನಾದ.

2002ರಲ್ಲಿ ಬೆಂಗಳೂರಿನ ಸಾರ್ವಜನಿಕ ವ್ಯವಹಾರಗಳ ಕೇಂದ್ರ ಎಂಬ ಸಂಸ್ಥೆ ಈ ಕಿಟಕಿಗಳ ಮುಂದೆ ನಿಂತವರನ್ನೂ, ಹಳೆಯ ಪದ್ಧತಿಯಲ್ಲಿ ಪಹಣಿ ಪಡೆದವರನ್ನೂ ವಿಚಾರಿಸಿ ಒಂದು ವರದಿಯನ್ನು ಸಿದ್ಧಪಡಿಸಿತು. ಹಳೆಯ ಪದ್ಧತಿಯಲ್ಲಿ ನೂರಕ್ಕೆ 66 ಮಂದಿ ಲಂಚ ಕೊಟ್ಟುದಾಗಿ ಹೇಳಿದ್ದರು. ಹೊಸ ಕಿಟಕಿಯಲ್ಲಿ ನೂರಕ್ಕೆ 3 ಮಂದಿ.

ಯಂತ್ರಕ್ಕೆ ತಿಳಿಯದ್ದು

ಇಷ್ಟಕ್ಕೇ ಕಥೆ ಸುಖಾಂತವಾಯಿತೆಂದು ಹೇಳಿ ಮುಗಿಸುವಂತಿಲ್ಲ. ಅಂಗಡಿ ಎಷ್ಟೇ ಚೊಕ್ಕಟವಾಗಿದ್ದರೂ ಸರಕು ಹಿಂದಿನದೇ ತಾನೆ! ಪುಸ್ತಕದಲ್ಲಿ ತಿಮ್ಮಯ್ಯ ತಿಮ್ಮಪ್ಪನಾಗಿದ್ದರೆ ಯಂತ್ರವೂ ತಿಮ್ಮಪ್ಪನೆಂದೇ ಅಚ್ಚು ಮಾಡುತ್ತದೆ. ಹಳೆಯ ತಪ್ಪಿಗೆ ಹೊಸ ಮುದ್ರೆ ಬಿದ್ದು, ಅದನ್ನು ತಿದ್ದಿಸಲು ರೈತ ಮತ್ತೆ ಕಚೇರಿಯ ಮೆಟ್ಟಿಲು ಹತ್ತಬೇಕಾದ ಪ್ರಸಂಗಗಳು ಹಲವು. ನಕಲು ಕೊಡುವುದು ಕಿಟಕಿಯ ಕೆಲಸ. ನ್ಯಾಯ ಹೇಳುವುದು ಮನುಷ್ಯನ ಕೆಲಸ. ಅಳತೆ, ಪೋಡಿ, ತಕರಾರುಗಳ ತೀರ್ಮಾನ ಇವು ಯಾವುವೂ ಕಿಟಕಿಯಲ್ಲಿ ಸಿಗುವ ಸರಕುಗಳಲ್ಲ. ಅಲ್ಲಿ ಇಂದಿಗೂ ಮನುಷ್ಯನ ಮರ್ಜಿಗೆ ಎಡೆಯಿದೆ. ಎಡೆಯಿರುವಲ್ಲಿ ಹಳೆಯ ರೋಗವೂ ಇಣುಕುತ್ತದೆ.

ಇನ್ನು ದೂರದ ಪ್ರಶ್ನೆ. ಹಳ್ಳಿಯಲ್ಲಿದ್ದ ಪುಸ್ತಕ ತಾಲ್ಲೂಕಿಗೆ ಹೋದುದರಿಂದ ಲಂಚ ಉಳಿಯಿತು, ಆದರೆ ಬಸ್ಸಿನ ಖರ್ಚೂ ಒಂದು ದಿನದ ಕೂಲಿಯೂ ಹೋದವು. 2012ರಲ್ಲಿ ಆರಂಭವಾದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಿಂದ ಹೋಬಳಿಯ ನಾಡಕಚೇರಿಗಳು ಜನರಿಗೆ ಹತ್ತಿರವಾದವು. ಈಗ ಕೈಯಲ್ಲಿರುವ ಫೋನಿನಲ್ಲಿಯೇ ಪಹಣಿಯನ್ನು ನೋಡಬಹುದಾಗಿದೆ. ಆದರೆ ಆ ಫೋನನ್ನು ಬಳಸಲು ಬಾರದ ಮುದುಕನಿಗೆ ಬಳಸಬಲ್ಲ ಹುಡುಗನೊಬ್ಬ ಬೇಕು. ಅವನು ಮೊಮ್ಮಗನಾದರೆ ಸರಿ. ಮಧ್ಯವರ್ತಿಯಾದರೆ ಚೀಲ ಇನ್ನೊಬ್ಬನ ಹೆಗಲೇರಿದಂತಾಗುತ್ತದೆ.

ತೆರೆದ ಬಾಗಿಲಿನಿಂದ ಒಳಗೆ ಬರುವವರು ಬಡವರು ಮಾತ್ರವೂ ಅಲ್ಲ. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಾಖಲೆಗಳೆಲ್ಲ ಒಂದೆಡೆ ಸೇರಿದುದರಿಂದ ಬೆಂಗಳೂರಿನ ಸುತ್ತಮುತ್ತ ಭೂಮಿ ಕೊಳ್ಳುವ ದೊಡ್ಡ ಕುಳಗಳಿಗೆ ಹೆಚ್ಚಿನ ಅನುಕೂಲವಾಯಿತೆಂದೂ, ಖಾತೆ ಬದಲಾವಣೆಯಲ್ಲಿ ಲಂಚ ನಿಲ್ಲಲಿಲ್ಲವೆಂದೂ ವಾದಿಸಿದರು. ಎಲ್ಲಿ ಯಾರ ಎಷ್ಟು ಜಮೀನಿದೆಯೆಂಬುದು ರೈತನಿಗೆ ಕಾಣುವಷ್ಟೇ ಸ್ಪಷ್ಟವಾಗಿ ಭೂಮಿಯ ವ್ಯಾಪಾರಿಗೂ ಕಾಣುತ್ತದೆ. ದೀಪ ಹಚ್ಚಿದವರು ಬೆಳಕು ಯಾರ ಮೇಲೆ ಬೀಳಬೇಕೆಂದು ಆರಿಸಲಾರರು.

ಪಟ್ಟಣದ ಮನೆಗಳಿಗೆ ಹೆಚ್ಚು ಸಂಬಂಧಪಟ್ಟ ಒಂದು ಸಂಗತಿಯೂ ಇದೆ. ಎಷ್ಟೋ ಜಮೀನುಗಳು ಇಂದಿಗೂ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಉಳಿದಿವೆ. “ನೋಡೋಣ, ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಮಾಡಿಸೋಣ” ಎಂದು ವರ್ಷಗಳು ಉರುಳುತ್ತವೆ. ಪೌತಿ ಖಾತೆಯಾಗದ ಜಮೀನಿಗೆ ಸಾಲ ದೊರೆಯುವುದು ಕಷ್ಟ, ಪರಿಹಾರ ದೊರೆಯುವುದೂ ಕಷ್ಟ; ಊರಿನಲ್ಲಿ ಉಳಿದು ಉಳುವ ಚಿಕ್ಕಪ್ಪನೇ ಅದರ ಫಲವನ್ನು ಅನುಭವಿಸಬೇಕು. ಹಾಗೆಯೇ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಆ ಹಕ್ಕು ಒಂಬತ್ತನೆಯ ಕಲಮಿಗೆ ಇಳಿದಿದೆಯೇ ಎಂಬುದನ್ನು ಮನೆಯ ಮಗಳು ಹಿಂದೆ ಯಾರನ್ನು ಕೇಳಬೇಕಾಗಿತ್ತು? ಈಗ ತಾನೇ ನೋಡಿಕೊಳ್ಳಬಲ್ಲಳು. ನೋಡಿದ ಮೇಲೆ ಅಣ್ಣನೊಡನೆ ಮಾತನಾಡುವ ಧೈರ್ಯವನ್ನು ಮಾತ್ರ ಯಾವ ಯಂತ್ರವೂ ಅಚ್ಚು ಮಾಡಿ ಕೊಡಲಾರದು.

ರೈತನೇ ಮಾರುವಾಗ

ಇಲ್ಲಿಯವರೆಗೆ ರೈತ ಗಿರಾಕಿ, ಸರಕಾರ ಅಂಗಡಿಯವ. ಪಹಣಿ ಸಿಕ್ಕಿ, ಸಾಲ ದೊರೆತು, ಬೆಳೆ ಬಂದ ಮೇಲೆ ರೈತನೇ ಮಾರುವವನಾಗುತ್ತಾನೆ. ಅಲ್ಲಿಯೂ ಇದೇ ಧರ್ಮ ನಡೆಯಬಹುದೇ? ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದನ್ನು ಬಲ್ಲವರಿಗೆ ಮರೆಯ ವ್ಯಾಪಾರವೆಂದರೇನೆಂದು ವಿವರಿಸಬೇಕಾಗಿಲ್ಲ. ಕೃಷಿ ಮಾರುಕಟ್ಟೆಯ ಪ್ರಾಂಗಣಗಳಲ್ಲಿಯೂ ನಾಲ್ಕೈದು ವರ್ತಕರು ತಮ್ಮತಮ್ಮಲ್ಲಿ ಮಾತನಾಡಿಕೊಂಡರೆ ಬೆಲೆ ಏರುವಂತಿರಲಿಲ್ಲ.

ಕರ್ನಾಟಕ 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಅದನ್ನು ನಡೆಸಲು ಸರಕಾರವೂ ಒಂದು ಖಾಸಗಿ ವಿನಿಮಯ ಸಂಸ್ಥೆಯೂ ಸಮಪಾಲಿನಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯನ್ನು ಸ್ಥಾಪಿಸಿದವು. ಮಾರುಕಟ್ಟೆಯ ಗೇಟಿನಲ್ಲಿಯೇ ರೈತನ ಸರಕಿಗೆ ಒಂದು ಲಾಟ್ ಸಂಖ್ಯೆ ಬೀಳುತ್ತದೆ. ವರ್ತಕರು ರಾಶಿಯನ್ನು ನೋಡಿ, ತಾವಿರುವಲ್ಲಿಂದಲೇ ಗಣಕಯಂತ್ರದ ಮೂಲಕ ಬೆಲೆ ಸೂಚಿಸುತ್ತಾರೆ. ಒಬ್ಬರು ಸೂಚಿಸಿದ ಬೆಲೆ ಇನ್ನೊಬ್ಬರಿಗೆ ತಿಳಿಯದು. ವೇಳೆ ಮುಗಿದ ಮೇಲೆ ಅತಿ ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ. ಒಪ್ಪಿದರೆ ಮಾರಾಟ, ಒಪ್ಪದಿದ್ದರೆ ಬೇಡವೆನ್ನುವ ಹಕ್ಕು ರೈತನದು. ತಿಪಟೂರಿನ ಕೊಬ್ಬರಿಯೂ ಇಂತಹ ಟೆಂಡರಿನಲ್ಲಿಯೇ ಮಾರಾಟವಾಗತೊಡಗಿತು. ಕರ್ನಾಟಕದ ಈ ಅನುಭವವನ್ನು ಕಣ್ಣಮುಂದಿಟ್ಟುಕೊಂಡು ಕೇಂದ್ರ ಸರಕಾರ 2016ರ ಏಪ್ರಿಲ್ 14ರಂದು ‘ಇ-ನಾಮ್’ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆಗೆ ಚಾಲನೆ ನೀಡಿತು.

ಇಲ್ಲಿಯೂ ಪಹಣಿಯ ಕಥೆಯದೇ ನೆರಳು. ಬೇಡವೆನ್ನುವ ಹಕ್ಕು ಕಾಗದದಲ್ಲಿದೆ. ಆದರೆ ಬಿತ್ತನೆಯ ಕಾಲದಲ್ಲಿ ದಲ್ಲಾಳಿಯಿಂದ ಮುಂಗಡ ತಂದವನು ಅವನ ಅಂಗಡಿಯ ಮುಂದೆಯೇ ಚೀಲ ಇಳಿಸಬೇಕು. ಪರದೆಯ ಮೇಲೆ ಎಷ್ಟು ಬೆಲೆ ಬೆಳಗಿದರೂ ಮಗಳ ಮದುವೆಗೆ ಕೈಹಿಡಿದ ದಲ್ಲಾಳಿಯನ್ನು ಅವನು ಬಿಟ್ಟು ಬರಲಾರ. ಯಂತ್ರ ಬೆಲೆಯನ್ನು ಬಯಲಿಗೆ ತರಬಲ್ಲದು, ಋಣವನ್ನು ತೀರಿಸಲಾರದು.

ಹಾಗಾದರೆ ಇಷ್ಟೆಲ್ಲ ಮಾಡಿ ದೊರೆತುದೇನು? ದೊರೆತುದು ಸಣ್ಣದಲ್ಲ. ಹಿಂದೆ ರೈತನಿಗೆ ತನ್ನ ಜಮೀನಿನ ಮೇಲೆ ಏನು ಬರೆದಿದೆಯೆಂಬುದೇ ತಿಳಿಯುತ್ತಿರಲಿಲ್ಲ. ತಿಳಿಯದವನು ಯಾವುದಕ್ಕೆಂದು ಜಗಳವಾಡಿಯಾನು? ಈಗ ತಪ್ಪಿದ್ದರೆ ತಪ್ಪು ಕಣ್ಣಿಗೆ ಬೀಳುತ್ತದೆ. ತಡವಾದರೆ ಎಷ್ಟು ದಿನ ತಡವೆಂದು ಹೇಳಬಹುದು. ಅರ್ಜಿ ಹಿಡಿದು ನಿಂತವನು ಬೇಡುವವನಾಗಿ ಉಳಿಯದೆ, ರಸೀದಿಯುಳ್ಳ ಗಿರಾಕಿಯಾಗಿ ಕೇಳಬಲ್ಲ.

ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಪಹಣಿ ಪಡೆದ ಮುದುಕರು ಅದನ್ನು ಕೂಡಲೇ ಜೇಬಿಗೆ ಸೇರಿಸುವುದಿಲ್ಲ. ಪಕ್ಕಕ್ಕೆ ಸರಿದು, ಕನ್ನಡಕ ಏರಿಸಿ, ಓದು ಬಾರದವರಾದರೆ ಸಾಲಿನಲ್ಲಿರುವ ಯಾರಾದರೂ ಹುಡುಗನ ಕೈಗೆ ಕೊಟ್ಟು, ಒಂಬತ್ತನೆಯ ಕಲಮಿನಲ್ಲಿ ತಮ್ಮ ಹೆಸರಿದೆಯೇ ಎಂದು ಕೇಳುತ್ತಾರೆ. ಇದೆಯೆಂದು ತಿಳಿದ ಮೇಲೆಯೇ ಕಾಗದ ನಾಲ್ಕು ಮಡಿಕೆಯಾಗಿ ಎದೆಯ ಜೇಬಿಗೆ ಇಳಿಯುವುದು. ಇಲ್ಲವೆಂದಾದರೆ ಅವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ. ಆ ಸಾಲು ಮುಂದೆ ಸರಿಯುತ್ತದೆಯೆಂಬ ನಂಬಿಕೆಯನ್ನು ಕೆಡದಂತೆ ಕಾಪಾಡುವುದೇ ಕಿಟಕಿಯ ಒಳಗೆ ಕುಳಿತವರ ಕರ್ತವ್ಯ.